ಸಂಖ್ಯೆಯ ವಿಸ್ಮಯದ ಜೊತೆಗೆ ಅದರ ಕಾರಣವೂ ಅಚ್ಚಾಗಲಿ

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರದ ನಿಮ್ಮ ಮಕ್ಕಳ ಪುಟದ ‘ಸಂಖ್ಯಾ ವಿಸ್ಮಯ’ ಚೌಕಟ್ಟಿನಲ್ಲಿ, 111111 ಎಂಬ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ 12345645321 ಬರುತ್ತದೆಂದೂ, ಅದು ಹೀಗೇಕೆ ಬರುತ್ತದೆಂಬುದು ಇಂದಿಗೂ ಯಾರಿಗೂ ತಿಳಿಯದ ಒಗಟೆಂದೂ ಅಚ್ಚಾಗಿದೆ. ಸರಿಯಾದ ಉತ್ತರ 12345654321. ನಡುವಿನ ಐದು ಮತ್ತು ನಾಲ್ಕು ಅಚ್ಚಿನಲ್ಲಿ ಹಿಂದುಮುಂದಾಗಿವೆ. ಅಂಕಿ ಜೋಡಿಸುವಾಗ ಇಂಥ ದೋಷ ನುಸುಳುವುದು ಸಹಜ, ಒಂದು ಸಾಲಿನ ತಿದ್ದುಪಡಿಯಿಂದ ಅದು ಸರಿಹೋಗುತ್ತದೆ. ನಾನು ಇಷ್ಟು ದೀರ್ಘವಾಗಿ ಬರೆಯಲು ಕಾರಣವಾದದ್ದು ಎರಡನೆಯ ಮಾತು. ಕಾರಣವನ್ನು ಐದನೆಯ ತರಗತಿಯ ಮಗುವೂ ಕಾಗದದ ಮೇಲೆ ಕಾಣಬಹುದಾದ ಒಂದು ಸಂಖ್ಯೆಯನ್ನು, ಅದರಲ್ಲೂ ಕನ್ನಡನಾಡಿನ ಗಣಿತಜ್ಞರೊಬ್ಬರು ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಲೆಕ್ಕವಾಗಿ ಕೇಳಿದ್ದ ಸಂಖ್ಯೆಯನ್ನು, ಯಾರಿಗೂ ತಿಳಿಯದ ಒಗಟೆಂದು ಮಕ್ಕಳಿಗೆ ಹೇಳುವುದು ಸರಿಯಲ್ಲ.

ಮೊದಲು ಕಾರಣವನ್ನೇ ನೋಡೋಣ. 111111ನ್ನು 111111ರಿಂದ ಶಾಲೆಯಲ್ಲಿ ಕಲಿಸಿದಂತೆ ಒಂದರ ಕೆಳಗೊಂದು ಬರೆದು ಗುಣಿಸಿದರೆ, ಗುಣಕದ ಪ್ರತಿ ಅಂಕಿಯೂ ಒಂದೇ ಆದ್ದರಿಂದ, ಆರು ಸಾಲುಗಳಲ್ಲೂ 111111 ಎಂದೇ ಬರುತ್ತದೆ. ಪ್ರತಿ ಸಾಲೂ ಮೇಲಿನ ಸಾಲಿಗಿಂತ ಒಂದು ಸ್ಥಾನ ಎಡಕ್ಕೆ ಸರಿದಿರುತ್ತದೆ, ಅಷ್ಟೇ. ಈಗ ಬಲಗಡೆಯಿಂದ ಕೂಡುತ್ತ ಹೋದರೆ ಬಿಡಿ ಸ್ಥಾನದಲ್ಲಿ ಒಂದೇ ಒಂದು ‘1’ ಇದೆ, ಹತ್ತರ ಸ್ಥಾನದಲ್ಲಿ ಎರಡಿವೆ, ನೂರರ ಸ್ಥಾನದಲ್ಲಿ ಮೂರಿವೆ, ಹೀಗೆ ಏರಿ ಆರನೆಯ ಸ್ಥಾನದಲ್ಲಿ ಆರೂ ಸಾಲುಗಳು ಒಟ್ಟಿಗೆ ಸಿಕ್ಕುತ್ತವೆ. ಅಲ್ಲಿಂದಾಚೆಗೆ ಮೇಲಿನ ಸಾಲುಗಳು ಒಂದೊಂದಾಗಿ ಮುಗಿಯುವುದರಿಂದ ಐದು, ನಾಲ್ಕು, ಮೂರು ಎಂದು ಇಳಿಯುತ್ತದೆ. ಯಾವ ಸ್ಥಾನದಲ್ಲೂ ಮೊತ್ತ ಒಂಬತ್ತನ್ನು ಮೀರದ ಕಾರಣ ಕೈಗೆ ದಶಕ ಉಳಿಯುವುದಿಲ್ಲ, ಆದ್ದರಿಂದ ಎಣಿಕೆ ಹಾಗೆಯೇ ಉತ್ತರವಾಗಿ ಕಾಣಿಸುತ್ತದೆ. ಆ ಹನ್ನೊಂದು ಅಂಕಿಗಳನ್ನು ಕೂಡಿದರೆ 36 ಬರುವುದಕ್ಕೂ ಇದೇ ಕಾರಣ: ಆರು ಸಾಲುಗಳಲ್ಲಿ ಆರಾರು ‘1’ಗಳಿವೆ, ಪ್ರತಿಯೊಂದೂ ಒಮ್ಮೆ ಎಣಿಕೆಗೆ ಸಿಕ್ಕಿದೆ. ಒಂಬತ್ತು ಒಂದುಗಳ ಸಾಲಿನವರೆಗೆ ಈ ಏರಿಳಿತ ಕೆಡದೆ ನಡೆದು 12345678987654321 ಎಂದಾಗುತ್ತದೆ. ಹತ್ತು ಒಂದುಗಳಿಗೆ ಬಂದಾಗ ನಡುವಿನ ಸ್ಥಾನದಲ್ಲಿ ಹತ್ತು ಬಂದು ದಶಕ ಎಡಕ್ಕೆ ಹೋಗುವುದರಿಂದ ಉತ್ತರ 1234567900987654321 ಆಗಿ ರೂಪ ಮುರಿಯುತ್ತದೆ. ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ನಿಲ್ಲುತ್ತದೆ, ಏಕೆ ನಿಲ್ಲುತ್ತದೆ ಎಂಬ ಮೂರೂ ಮಾತು ತಿಳಿದ ಮೇಲೂ ಇದನ್ನು ಒಗಟೆನ್ನಲು ಬರುವುದಿಲ್ಲ.

ನಾನು ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು. ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾಗುತ್ತದೆಂಬುದು ನಮ್ಮ ಕೆಲಸದಲ್ಲಿ ದಿನವೂ ನೆರವಿಗೆ ಬರುವ ತಿಳಿವಳಿಕೆ. ಖಾತೆ ತಾಳೆಯಾಗದಿದ್ದಾಗ ವ್ಯತ್ಯಾಸವನ್ನು ಮೊದಲು ಒಂಬತ್ತರಿಂದ ಭಾಗಿಸಿ ನೋಡುತ್ತೇವೆ. ನಿಮ್ಮಲ್ಲಿ ಅಚ್ಚಾದ ಸಂಖ್ಯೆಗೂ ಸರಿಯಾದ ಸಂಖ್ಯೆಗೂ ಇರುವ ವ್ಯತ್ಯಾಸ 9000. ಹಾಗಾಗಿ ಅಂಕಿಗಳನ್ನು ಕೂಡಿ ನೋಡುವ ಒಂಬತ್ತರ ಪರೀಕ್ಷೆಗೆ ಈ ತಪ್ಪು ಸಿಕ್ಕಿಬೀಳುವುದಿಲ್ಲ, ಎರಡರಲ್ಲೂ ಮೊತ್ತ 36 ಆಗಿಯೇ ಇರುತ್ತದೆ. ಹನ್ನೊಂದರ ಪರೀಕ್ಷೆ ಅದನ್ನು ಹಿಡಿಯುತ್ತದೆ. ಬಲದಿಂದ ಒಂದು ಅಂಕಿ ಕೂಡಿ ಮುಂದಿನದನ್ನು ಕಳೆಯುತ್ತ ಹೋದರೆ ಸರಿಯಾದ ಸಂಖ್ಯೆಯಲ್ಲಿ ಸೊನ್ನೆ ಬರುತ್ತದೆ, ಅಚ್ಚಾದ ಸಂಖ್ಯೆಯಲ್ಲಿ ಋಣ ಎರಡು ಬರುತ್ತದೆ. 111111 ಹನ್ನೊಂದರಿಂದ ಭಾಗವಾಗುವ ಸಂಖ್ಯೆಯಾದ್ದರಿಂದ ಅದರ ವರ್ಗವೂ ಭಾಗವಾಗಲೇಬೇಕು.

ಇದಕ್ಕಿಂತ ಬಲವಾದ ಪರೀಕ್ಷೆಯೊಂದಿದೆ. ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಗಳಾಗಿ ಕತ್ತರಿಸಿದರೆ 12, 345, 654, 321 ಎಂಬ ನಾಲ್ಕು ತುಂಡುಗಳಾಗುತ್ತವೆ. 321ರಿಂದ 654 ಕಳೆದು, 345 ಕೂಡಿ, 12 ಕಳೆದರೆ ಸೊನ್ನೆ. ಸಾವಿರಕ್ಕೆ ಒಂದು ಕೂಡಿದ 1001 ಎಂಬುದು 7, 11, 13ರ ಗುಣಲಬ್ಧ. ಆದ್ದರಿಂದ ಈ ಒಂದೇ ಲೆಕ್ಕದಿಂದ ಸಂಖ್ಯೆ ಏಳು, ಹನ್ನೊಂದು, ಹದಿಮೂರು ಮೂರರಿಂದಲೂ ಭಾಗವಾಗುತ್ತದೆಂದು ಖಚಿತವಾಗುತ್ತದೆ. ಅದೇ ನಾಲ್ಕು ತುಂಡುಗಳನ್ನು ಬರಿದೆ ಕೂಡಿದರೆ 1332. ಅದನ್ನು ಮತ್ತೆ ಕತ್ತರಿಸಿ 1 ಮತ್ತು 332 ಕೂಡಿದರೆ 333. ಸಾವಿರದಲ್ಲಿ ಒಂದು ಕಳೆದ 999 ಎಂಬುದು 27 ಮತ್ತು 37ರ ಗುಣಲಬ್ಧವಾದ್ದರಿಂದ, 333 ಮೂವತ್ತೇಳರಿಂದ ಭಾಗವಾಗುವ ಕಾರಣ ಮೂಲ ಸಂಖ್ಯೆಯೂ ಭಾಗವಾಗುತ್ತದೆ. 333 ಒಂಬತ್ತರಿಂದ ಭಾಗವಾಗುತ್ತದೆ, ಇಪ್ಪತ್ತೇಳರಿಂದ ಆಗುವುದಿಲ್ಲ, ಮೂಲ ಸಂಖ್ಯೆಯೂ ಹಾಗೆಯೇ. ನಮ್ಮ ಪಕ್ಕದ ಮನೆಯ ಏಳನೆಯ ತರಗತಿಯ ಹುಡುಗಿ ಇದೆಲ್ಲವನ್ನೂ ನಿಮ್ಮ ಪತ್ರಿಕೆಯ ಅಂಚಿನ ಖಾಲಿ ಜಾಗದಲ್ಲೇ ಪೆನ್ಸಿಲಿನಿಂದ ಮಾಡಿ ಮುಗಿಸಿ, ಅಚ್ಚಾದ ಸಂಖ್ಯೆಗೆ ಸೊನ್ನೆಯ ಬದಲು 9 ಉಳಿಯುತ್ತದೆಂದು ತೋರಿಸಿದಳು. ಲಕ್ಷ, ಕೋಟಿ ಎಂದು ಓದುವಾಗ ನಾವು ಅಲ್ಪವಿರಾಮವನ್ನು 12,34,56,54,321 ಎಂದು ಹಾಕುತ್ತೇವಲ್ಲ, ಇಲ್ಲಿ ಮಾತ್ರ ಮೂರು ಮೂರಾಗಿ ಏಕೆ ಎಂದು ಅವಳು ಕೇಳಿದ್ದು ಒಳ್ಳೆಯ ಪ್ರಶ್ನೆ. ಓದುವ ಅನುಕೂಲಕ್ಕೆ ಹಾಕುವ ವಿರಾಮ ಬೇರೆ, ಪರೀಕ್ಷೆಗಾಗಿ ಕತ್ತರಿಸುವ ಜಾಗ ಬೇರೆ. ಎರಡೆರಡಾಗಿ ಕತ್ತರಿಸಿ ಕೂಡಿದರೆ 1, 23, 45, 65, 43, 21 ಸೇರಿ 198 ಆಗಿ, 99ರಿಂದ ಭಾಗವಾಗುತ್ತದೆಂಬುದು ಕಾಣುತ್ತದೆ.

ಇಷ್ಟರಿಂದ ಸಂಖ್ಯೆಯ ಒಳಗೇನಿದೆ ಎಂಬುದು ಪೂರ್ತಿ ತಿಳಿಯಿತು. 111111 ಎಂಬುದು 3, 7, 11, 13, 37 ಎಂಬ ಐದು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ, ಅದರ ವರ್ಗದಲ್ಲಿ ಈ ಐದೂ ಎರಡೆರಡು ಬಾರಿ ಇವೆ, ಬೇರೆ ಯಾವ ಅವಿಭಾಜ್ಯವೂ ಇಲ್ಲ. ಒಂದು ಭಾಜಕವನ್ನು ಕಟ್ಟಬೇಕಾದರೆ ಪ್ರತಿ ಅವಿಭಾಜ್ಯವನ್ನೂ ತೆಗೆದುಕೊಳ್ಳದೆ ಬಿಡಬಹುದು, ಒಂದು ಸಲ ತೆಗೆದುಕೊಳ್ಳಬಹುದು, ಇಲ್ಲವೇ ಎರಡು ಸಲ ತೆಗೆದುಕೊಳ್ಳಬಹುದು. ಹೀಗೆ ಐದಕ್ಕೂ ಮೂರು ಮೂರು ದಾರಿಗಳಿರುವುದರಿಂದ ಒಟ್ಟು 243 ಭಾಜಕಗಳು.

ಈಗ ಮೊದಲು ಹೇಳಿದ ಕನ್ನಡನಾಡಿನ ಗಣಿತಜ್ಞರ ವಿಷಯಕ್ಕೆ ಬರುತ್ತೇನೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿನಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ಬರೆದರು. ಅದರ ಆರಂಭದಲ್ಲಿ ನೃಪತುಂಗನ ಸ್ತುತಿಯಿದೆ, ಸಂಖ್ಯಾಸ್ಥಾನಗಳನ್ನು ಒಂದರಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕಾಗಿ ಹೆಸರಿಸಿದೆ. ಪರಿಕರ್ಮಗಳನ್ನು, ಅಂದರೆ ಲೆಕ್ಕದ ಮೂಲಕ್ರಿಯೆಗಳನ್ನು, ಅವರು ಸಂಕಲನದಿಂದಲ್ಲ, ಗುಣಾಕಾರದಿಂದ ಆರಂಭಿಸುತ್ತಾರೆ. ಆ ಭಾಗದ ಲೆಕ್ಕಗಳಲ್ಲಿ ಒಂದು, 27994681ನ್ನು 441ರಿಂದ ಗುಣಿಸುವುದು. ಅದರ ಉತ್ತರವೇ 12345654321. ಒಂದರಿಂದ ಆರರವರೆಗೆ ಏರಿ ಮತ್ತೆ ಕ್ರಮವಾಗಿ ಇಳಿಯುವ ಸಂಖ್ಯೆಯೆಂದು ಅವರೇ ಅದನ್ನು ವರ್ಣಿಸುತ್ತಾರೆ. ಜೊತೆಯ ಲೆಕ್ಕಗಳೂ ಹೀಗೆಯೇ ಇವೆ: 139ನ್ನು 109ರಿಂದ ಗುಣಿಸಿದರೆ 15151, 12345679ನ್ನು 9ರಿಂದ ಗುಣಿಸಿದರೆ 111111111, 142857143ನ್ನು 7ರಿಂದ ಗುಣಿಸಿದರೆ 1000000001, 333333666667ನ್ನು 33ರಿಂದ ಗುಣಿಸಿದರೆ 11000011000011. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಇಂಥ ಗುಣಲಬ್ಧಗಳಿಗೆ ಕೊರಳ ಹಾರದ ಹೆಸರಿಟ್ಟು ಕಂಠಾಭರಣವೆಂದು ಅವರು ಕರೆದಿದ್ದಾರೆ.

ಮೇಲುನೋಟಕ್ಕೆ 27994681 ಮತ್ತು 441 ಎಂಬ ಜೋಡಿ ಎಲ್ಲಿಂದಲೋ ಹೆಕ್ಕಿ ತಂದಂತೆ ಕಾಣುತ್ತದೆ, ಆದರೆ ಹಾಗಿಲ್ಲ. 441 ಎಂಬುದು 21ರ ವರ್ಗ, ಅಂದರೆ ಅದರಲ್ಲಿ 3 ಮತ್ತು 7 ಎರಡೆರಡು ಬಾರಿ ಇವೆ. 27994681 ಎಂಬುದು 5291ರ ವರ್ಗ, ಅದರಲ್ಲಿ ಉಳಿದ 11, 13, 37 ಎರಡೆರಡು ಬಾರಿ ಇವೆ. ಗುಣಕ, ಗುಣ್ಯ ಎರಡೂ ಪೂರ್ಣವರ್ಗಗಳು. ಐದು ಅವಿಭಾಜ್ಯಗಳಲ್ಲಿ ಎರಡನ್ನು ಒಂದು ಕಡೆಗೆ, ಮೂರನ್ನು ಇನ್ನೊಂದು ಕಡೆಗೆ ಚೊಕ್ಕವಾಗಿ ಹಂಚಲಾಗಿದೆ. ಇದು ಆಕಸ್ಮಿಕವಾಗಿ ಬಂದ ಜೋಡಿಯೆಂದು ನಾನು ನಂಬಲಾರೆ. ಆ ಅಧ್ಯಾಯದಲ್ಲಿ ಕವಾಟಸಂಧಿ ಎಂಬ ಗುಣಾಕಾರ ಕ್ರಮವನ್ನು ಹೇಳುವಾಗ, ಗುಣಕವನ್ನು ಅಥವಾ ಗುಣ್ಯವನ್ನು ತುಂಡುಮಾಡಿಕೊಂಡು ಗುಣಿಸುವ ಸೌಲಭ್ಯವನ್ನೂ ಆಚಾರ್ಯರು ತಿಳಿಸಿದ್ದಾರೆ. ಅದರಂತೆ 441ರಿಂದ ಒಮ್ಮೆಗೇ ಗುಣಿಸದೆ 21ರಿಂದ ಎರಡು ಬಾರಿ ಗುಣಿಸಿ ನೋಡಿ: 27994681ನ್ನು 21ರಿಂದ ಗುಣಿಸಿದರೆ 587888301, ಅದನ್ನು ಮತ್ತೆ 21ರಿಂದ ಗುಣಿಸಿದರೆ 12345654321. ನಡುವೆ ಬರುವ 587888301ರಲ್ಲಿ ಯಾವ ಹಾರವೂ ಕಾಣುವುದಿಲ್ಲ, ಕೊನೆಯ ಹೆಜ್ಜೆಯಲ್ಲಿ ಅದು ಒಮ್ಮೆಗೇ ಮೂಡುತ್ತದೆ. ಲೆಕ್ಕ ಮಾಡುವ ಶಿಷ್ಯನಿಗೆ ಉತ್ತರ ಸರಿಯೋ ತಪ್ಪೋ ಎಂದು ಗುರುವನ್ನು ಕೇಳುವ ಅಗತ್ಯವೇ ಬೀಳದು. ಹಾರ ಕೂಡಿಬಂದರೆ ಸರಿ, ಎಲ್ಲಿಯಾದರೂ ಒಂದು ಅಂಕಿ ತಪ್ಪಿದರೆ ಹಾರ ಕೆಡುತ್ತದೆ. ನಿಮ್ಮ ಅಚ್ಚಿನ ದೋಷವೂ ಮೊದಲ ನೋಟಕ್ಕೆ ಕಾಣಿಸಿದ್ದು ಇದೇ ಕಾರಣಕ್ಕೆ.

ಆಚಾರ್ಯರು ಆರಕ್ಕೇ ಏಕೆ ನಿಂತರು, ಒಂಬತ್ತರವರೆಗೆ ಏಕೆ ಹೋಗಲಿಲ್ಲ ಎಂಬುದು ನನ್ನನ್ನು ಬಹಳ ಕಾಡಿದ ಪ್ರಶ್ನೆ. ಅವರು ಕಾರಣ ಹೇಳಿಲ್ಲ, ಆದರೆ ಲೆಕ್ಕ ಮಾಡಿ ನೋಡಿದರೆ ಆರಕ್ಕೆ ಉಳಿದವುಗಳಿಗಿಲ್ಲದ ಒಂದು ಗುಣವಿದೆ. ಐದು ಒಂದುಗಳ ಸಾಲು 41 ಮತ್ತು 271ರ ಗುಣಲಬ್ಧ. ಏಳು ಒಂದುಗಳ ಸಾಲು 239 ಮತ್ತು 4649ರ ಗುಣಲಬ್ಧ. ಹೀಗೆ ಎರಡೇ ಅವಿಭಾಜ್ಯಗಳಿರುವುದರಿಂದ ಅವುಗಳ ವರ್ಗಗಳಿಗೆ ಒಂಬತ್ತೊಂಬತ್ತೇ ಭಾಜಕಗಳು. ಎಂಟು ಒಂದುಗಳ ಸಾಲಿನಲ್ಲಿ 11, 73, 101, 137 ಎಂಬ ನಾಲ್ಕು ಅವಿಭಾಜ್ಯಗಳಿದ್ದು ಅದರ ವರ್ಗಕ್ಕೆ 81 ಭಾಜಕಗಳಾಗುತ್ತವೆ. ಒಂಬತ್ತು ಒಂದುಗಳ ಸಾಲು 9, 37, 333667ರ ಗುಣಲಬ್ಧವಾಗಿ ಅದರ ವರ್ಗಕ್ಕೆ 45 ಮಾತ್ರ. ಈ ಒಂಬತ್ತು ಏರಿಳಿತದ ಸಂಖ್ಯೆಗಳಲ್ಲಿ 243 ಭಾಜಕಗಳಿರುವ 12345654321ಕ್ಕೆ ಸರಿಗಟ್ಟುವ ಇನ್ನೊಂದಿಲ್ಲ. ಒಂದನ್ನು ಬಿಟ್ಟು ಎರಡು ಸಂಖ್ಯೆಗಳ ಗುಣಲಬ್ಧವಾಗಿ ಅದನ್ನು 121 ಬಗೆಗಳಲ್ಲಿ ಬರೆಯಬಹುದು. ಏಳು ಒಂದುಗಳ ವರ್ಗವಾದ 1234567654321ನ್ನು ನಾಲ್ಕೇ ಬಗೆಗಳಲ್ಲಿ. ಗುಣಾಕಾರದ ಲೆಕ್ಕ ಕಟ್ಟುವ ಶಿಕ್ಷಕನಿಗೆ ಆರಕ್ಕಿಂತ ಒಳ್ಳೆಯ ಆಯ್ಕೆ ಇರಲಿಲ್ಲ. ಇದು ನನ್ನ ಊಹೆ, ಆದರೆ ಅಂಕಿಗಳು ಅದನ್ನು ಬಲವಾಗಿ ಬೆಂಬಲಿಸುತ್ತವೆ. ಮಂಡಿಯಲ್ಲಿ ನಾವು ಬಳಸುವ ಹನ್ನೆರಡು ಅಂಕಿಗಳ ಕ್ಯಾಲ್ಕುಲೇಟರಿನಲ್ಲಿಯೂ ಪೂರ್ತಿಯಾಗಿ ಕಾಣುವ ಕೊನೆಯ ಹಾರ ಇದೇ. ಏಳು ಒಂದುಗಳ ವರ್ಗಕ್ಕೆ ಹದಿಮೂರು ಅಂಕಿ ಬೇಕಾಗುವುದರಿಂದ ಯಂತ್ರ ದೋಷಸೂಚನೆ ತೋರಿಸಿ ನಿಲ್ಲುತ್ತದೆ, ಕಾಗದದ ಮೇಲೆ ಅಂಥ ಮಿತಿಯಿಲ್ಲ.

ಇಲ್ಲಿ ಮಕ್ಕಳಿಗೆ ತಿಳಿಸಬೇಕಾದ ಇನ್ನೊಂದು ಮುಖ್ಯ ಸಂಗತಿಯಿದೆ. ಸಂಖ್ಯೆಯ ಗುಣಗಳಲ್ಲಿ ಕೆಲವು ಅದನ್ನು ಬರೆಯುವ ಪದ್ಧತಿಗೆ ಸೇರಿದವು, ಕೆಲವು ಸಂಖ್ಯೆಗೇ ಸೇರಿದವು. 12345654321 ಪೂರ್ಣವರ್ಗವಾಗಿರುವುದು, ಅದಕ್ಕೆ 243 ಭಾಜಕಗಳಿರುವುದು ಆ ಸಂಖ್ಯೆಯದೇ ಗುಣ; ಯಾವ ಲಿಪಿಯಲ್ಲಿ, ಯಾವ ಪದ್ಧತಿಯಲ್ಲಿ ಬರೆದರೂ ಬದಲಾಗದು. ಏರಿ ಇಳಿಯುವ ರೂಪ ಹಾಗಲ್ಲ, ಅದು ಬರವಣಿಗೆಯಿಂದ ಬಂದದ್ದು. ಹತ್ತರ ಬದಲು ಏಳೇಳಾಗಿ ಗುಂಪು ಕಟ್ಟಿ ಬರೆಯುವ ಪದ್ಧತಿಯಲ್ಲಿ ಆರು ಒಂದುಗಳ ಸಾಲೆಂದರೆ ನಮ್ಮ 19608. ಅದರ ವರ್ಗ ನಮ್ಮಲ್ಲಿ 384473664. ಆದರೆ ಆ ಪದ್ಧತಿಯಲ್ಲಿ ಬರೆದರೆ ಅದೂ 12345654321 ಎಂದೇ ಕಾಣುತ್ತದೆ, ಏಕೆಂದರೆ ಯಾವ ಸ್ಥಾನದಲ್ಲೂ ಮೊತ್ತ ಆರನ್ನು ಮೀರುವುದಿಲ್ಲ. ಸಂಖ್ಯೆ ಬೇರೆ, ಅವಿಭಾಜ್ಯಗಳು ಬೇರೆ, ರೂಪ ಮಾತ್ರ ಒಂದೇ.

ಎರಡಕ್ಕೂ ಸಾಮಾನ್ಯವಾದದ್ದೊಂದು ಉಂಟು. ಆರು ಎಂಬುದು ಎರಡು ಮತ್ತು ಮೂರರ ಗುಣಲಬ್ಧವಾದ್ದರಿಂದ ಆರು ಒಂದುಗಳ ಸಾಲನ್ನು ಎರಡು ಒಂದುಗಳ ಸಾಲೂ ಮೂರು ಒಂದುಗಳ ಸಾಲೂ ನಿಶ್ಶೇಷವಾಗಿ ಭಾಗಿಸುತ್ತವೆ. ನಮ್ಮ ಪದ್ಧತಿಯಲ್ಲಿ 111111 ಎಂಬುದು 11, 111 ಮತ್ತು 91ರ ಗುಣಲಬ್ಧ. ಏಳರ ಪದ್ಧತಿಯಲ್ಲಿ ಅದೇ ಮೂರು ಸ್ಥಾನಗಳಲ್ಲಿ 8, 57 ಮತ್ತು 43 ನಿಲ್ಲುತ್ತವೆ. ಒಂದುಗಳ ಎಣಿಕೆ ಅವಿಭಾಜ್ಯವಲ್ಲದಿದ್ದರೆ ಸಾಲೂ ಅವಿಭಾಜ್ಯವಾಗಲಾರದು ಎಂಬ ಈ ನಿಯಮ ಎಲ್ಲ ಪದ್ಧತಿಗಳಿಗೂ ಅನ್ವಯಿಸುತ್ತದೆ. 2024ರ ಅಕ್ಟೋಬರಿನಲ್ಲಿ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ ಸಿಕ್ಕಿತೆಂದು ಪತ್ರಿಕೆಗಳಲ್ಲಿ ಬಂದ ಸುದ್ದಿ ಹಲವರಿಗೆ ನೆನಪಿರಬಹುದು. 4,10,24,320 ಅಂಕಿಗಳ ಆ ಸಂಖ್ಯೆಯನ್ನು ಎರಡರ ಪದ್ಧತಿಯಲ್ಲಿ ಬರೆದರೆ ಅದೂ ಒಂದುಗಳ ಸಾಲೇ, ಒಟ್ಟು 13,62,79,841 ಒಂದುಗಳು. ಮೇಲಿನ ನಿಯಮದಂತೆ ಆ ಎಣಿಕೆಯೂ ಅವಿಭಾಜ್ಯವೇ. ನಾನು ಓದಿದ ಸುದ್ದಿಯಲ್ಲಿ ಅಂಕಿಗಳು ಎಷ್ಟೆಂಬುದಷ್ಟೇ ಬಂತು, ಈ ಸಂಬಂಧ ಬರಲಿಲ್ಲ. ಬಂದಿದ್ದರೆ ಆಚಾರ್ಯರ ಹನ್ನೊಂದು ಅಂಕಿಗಳ ಹಾರವನ್ನು ಬಲ್ಲ ಮಗುವಿಗೆ ಆ ದೈತ್ಯ ಸಂಖ್ಯೆಯೂ ಪರಿಚಿತವಾಗುತ್ತಿತ್ತು.

ಮಲೆನಾಡಿನ ಓದುಗರಿಗೆ ಈ ವಿಷಯ ಇನ್ನೂ ಹತ್ತಿರದ್ದು. ಪ್ರಾಧ್ಯಾಪಕಿ ಪದ್ಮಾವತಮ್ಮ ಅವರು ಕನ್ನಡ ಅನುವಾದ ಮತ್ತು ಟಿಪ್ಪಣಿಗಳೊಂದಿಗೆ ಸಿದ್ಧಪಡಿಸಿದ ಗಣಿತಸಾರಸಂಗ್ರಹದ ಆವೃತ್ತಿಯನ್ನು 2000ದಲ್ಲಿ ಪ್ರಕಟಿಸಿದ್ದು ನಮ್ಮ ಹೊಸನಗರ ತಾಲ್ಲೂಕಿನ ಹೊಂಬುಜ ಜೈನ ಮಠದ ಸಿದ್ಧಾಂತಕೀರ್ತಿ ಗ್ರಂಥಮಾಲೆ. ಪದ್ಮಾವತಿ ಅಮ್ಮನವರ ದರ್ಶನಕ್ಕೆಂದು ಹೊಂಬುಜಕ್ಕೆ ಹೋಗಿಬರುವ ನಮ್ಮ ಜಿಲ್ಲೆಯ ಜನರಲ್ಲಿ, ಕನ್ನಡನಾಡಿನ ಇಷ್ಟು ದೊಡ್ಡ ಗಣಿತಗ್ರಂಥ ಕನ್ನಡದಲ್ಲಿ ಅಚ್ಚಾಗಿ ಬಂದದ್ದು ಅಲ್ಲಿಂದಲೇ ಎಂದು ಬಲ್ಲವರು ನನಗೆ ಹೆಚ್ಚಾಗಿ ಸಿಕ್ಕಿಲ್ಲ. ತಾಲ್ಲೂಕು ಗ್ರಂಥಾಲಯಗಳೂ ಪ್ರೌಢಶಾಲೆಗಳೂ ಅದರ ಪ್ರತಿಯನ್ನು ಗಣಿತದ ಕಪಾಟಿನಲ್ಲಿ ಇರಿಸಬೇಕೆಂದು, ಗುಣಾಕಾರದ ಪಾಠದಲ್ಲಿ ಪಠ್ಯಪುಸ್ತಕದ ಲೆಕ್ಕಗಳ ಜೊತೆಗೆ ಆಚಾರ್ಯರ ಈ ಲೆಕ್ಕಗಳಲ್ಲಿ ಒಂದೆರಡನ್ನಾದರೂ ಮಕ್ಕಳಿಂದ ಮಾಡಿಸಬೇಕೆಂದು ಶಿಕ್ಷಕರಲ್ಲಿ ಈ ಪತ್ರದ ಮೂಲಕ ಕೇಳಿಕೊಳ್ಳುತ್ತೇನೆ. ಅದಕ್ಕೆ ಬೇಕಾದದ್ದು ಕಾಗದ, ಪೆನ್ಸಿಲು ಮತ್ತು ಒಂದು ಅವಧಿಯ ಸಮಯ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದಿನ ಭಾನುವಾರ ತಿದ್ದುಪಡಿಯನ್ನು ಪ್ರಕಟಿಸುವಾಗ ‘ಯಾರಿಗೂ ತಿಳಿಯದ ಒಗಟು’ ಎಂಬ ಮಾತನ್ನೂ ಹಿಂತೆಗೆದುಕೊಂಡು, ಆರು ಸಾಲುಗಳ ಗುಣಾಕಾರವನ್ನು ಒಂದರ ಕೆಳಗೊಂದು ಕಾಣುವಂತೆ ಅಚ್ಚುಮಾಡಿ. ಅದನ್ನು ನೋಡಿದ ಮಕ್ಕಳಿಗೆ ವಿವರಣೆಯೇ ಬೇಕಾಗದು. ಅದರ ಕೆಳಗೆ ಆಚಾರ್ಯರದೇ ಇನ್ನೊಂದು ಲೆಕ್ಕವನ್ನು ಕೊಡಿ: 152207ನ್ನು 73ರಿಂದ ಗುಣಿಸಿದರೆ ಏನು ಬರುತ್ತದೆ, ಏಕೆ ಬರುತ್ತದೆ? ಎಂಟು ಒಂದುಗಳ ಸಾಲು ಬರುತ್ತದೆಂಬ ಉತ್ತರವನ್ನು ಕ್ಯಾಲ್ಕುಲೇಟರ್ ಕೂಡ ಕೊಡಬಲ್ಲದು. 152207ರೊಳಗೆ 11, 101, 137 ಅಡಗಿವೆ ಎಂದು ಕಾರಣಸಹಿತ ಬರೆದು ಕಳುಹಿಸುವ ಮಕ್ಕಳ ಉತ್ತರಗಳನ್ನು, ಅವರು ಮಾಡಿದ ಲೆಕ್ಕದ ಹೆಜ್ಜೆಗಳೊಂದಿಗೆ, ಅದರ ಮುಂದಿನ ವಾರದ ಚೌಕಟ್ಟಿನಲ್ಲಿ ಪ್ರಕಟಿಸಬೇಕೆಂದು ವಿನಂತಿ.

ಇತಿ ತಮ್ಮ ವಿಶ್ವಾಸಿ,
ಅಡಿಕೆ ಮಂಡಿಯ ಲೆಕ್ಕಿಗ, ಶಿವಮೊಗ್ಗ